‘ಓಡ್ತು’ ಅಂದರೆ ಮುಗೀತಾ?

ಮನೆಯ ಗ್ಯಾರೇಜಿನಲ್ಲಿ ವಿಮಾನ ಕಟ್ಟಿ, ಅದರಲ್ಲೇ ಕುಳಿತು ಹಾರುವವರಿದ್ದಾರೆ ಎಂದರೆ ನಮ್ಮಲ್ಲಿ ಎಷ್ಟೋ ಜನ ನಂಬುವುದಿಲ್ಲ. ಅಮೆರಿಕದಲ್ಲಿ ಇದು ದಶಕಗಳಿಂದ ನಡೆದುಬಂದಿರುವ ಹವ್ಯಾಸ. ನಕ್ಷೆಯನ್ನೋ ಕಿಟ್ಟನ್ನೋ ಕೊಂಡು ತಂದು, ವರ್ಷಗಟ್ಟಲೆ ರಜಾದಿನಗಳನ್ನೆಲ್ಲ ಅದಕ್ಕೇ ಸುರಿದು, ಒಂದೆರಡು ಆಸನದ ಪುಟ್ಟ ವಿಮಾನ ಕಟ್ಟುತ್ತಾರೆ. ಕೆಲಸದ ಅರ್ಧಕ್ಕಿಂತ ಹೆಚ್ಚು ಪಾಲು ಕಲಿಕೆಗಾಗಿ ಇಲ್ಲವೇ ಹವ್ಯಾಸಕ್ಕಾಗಿ ಕಟ್ಟಿದವರ ಕೈಯಿಂದಲೇ ಆಗಿರಬೇಕು ಎಂಬುದು ಅಲ್ಲಿನ ನಿಯಮ. ಅದನ್ನು ‘ಶೇ 51ರ ನಿಯಮ’ ಎಂದೇ ಕರೆಯುತ್ತಾರೆ. ಹೀಗೆ ಕಟ್ಟಿದ 30 ಸಾವಿರಕ್ಕೂ ಹೆಚ್ಚು ವಿಮಾನಗಳು ಅಲ್ಲಿವೆ.

ಏರೋನಾಟಿಕಲ್ ಎಂಜಿನಿಯರಿಂಗ್ ಓದುವ ನನ್ನಂಥವರಿಗೆ ಇದು ಹೊಟ್ಟೆಕಿಚ್ಚು ಹುಟ್ಟಿಸುವ ವಿಷಯ. ಥರ್ಮೋಕೋಲ್ ರೆಕ್ಕೆಯ ಮಾಡೆಲ್ ಒಂದನ್ನು ಮೈದಾನದಲ್ಲಿ ಹಾರಿಸಲು ನಾವು ಮೂರು ಸಹಿಗಾಗಿ ಅಲೆಯುವಾಗ, ಅಲ್ಲಿ ಯಾರೋ ಒಬ್ಬರು ಸ್ವಂತ ಕೈಯಿಂದ ಕಟ್ಟಿದ ವಿಮಾನದಲ್ಲಿ ಹಾರುತ್ತಿದ್ದಾರೆ! ಆದರೆ ಈ ಹವ್ಯಾಸದ ಅಪಘಾತ ವರದಿಗಳನ್ನು ಓದಿದಾಗ ಹೊಟ್ಟೆಕಿಚ್ಚು ಇಳಿದು ಬೇರೊಂದು ಯೋಚನೆ ಶುರುವಾಗುತ್ತದೆ. ಯಂತ್ರ ‘ಓಡ್ತು’ ಅನ್ನುವುದಕ್ಕೂ, ಅದನ್ನು ನಂಬಬಹುದು ಅನ್ನುವುದಕ್ಕೂ ನಡುವೆ ಬಹಳ ದೂರವಿದೆ. ಆ ದೂರವನ್ನು ಕ್ರಮಿಸದೆ ಹೊರಟವರು ಟೇಕಾಫ್ ಆದ ಮೊದಲ ಒಂದೆರಡು ನಿಮಿಷಗಳಲ್ಲಿ ಬೆಲೆ ತೆತ್ತಿದ್ದಾರೆ. ಇದು ವಿಮಾನ ಕಟ್ಟುವವರಿಗೆ ಮಾತ್ರ ಸೇರಿದ ಪಾಠ ಎಂದು ನನಗೆ ಅನಿಸುವುದಿಲ್ಲ.

ಅಂಕಿ-ಅಂಶ ಹೇಳುವುದೇನು?

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಹವ್ಯಾಸಿ ವಿಮಾನಗಳ ಬಗ್ಗೆ ದೊಡ್ಡ ಅಧ್ಯಯನವೊಂದನ್ನು ಪ್ರಕಟಿಸಿತು. ಅಲ್ಲಿನ ಖಾಸಗಿ, ಲಘು ವಿಮಾನಗಳ ಪೈಕಿ ಮನೆಯಲ್ಲಿ ಕಟ್ಟಿದವುಗಳ ಪಾಲು ಸುಮಾರು ಶೇ 10. ಆದರೆ 2011ರ ಅಪಘಾತಗಳಲ್ಲಿ ಅವುಗಳ ಪಾಲು ಶೇ 15, ಸಾವು ಸಂಭವಿಸಿದ ಅಪಘಾತಗಳಲ್ಲಿ ಶೇ 21. ಈ ಅಪಘಾತಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡ ಸಂಗತಿಗಳು ಎರಡು. ಒಂದು, ಎಂಜಿನ್ ಶಕ್ತಿ ಕೈಕೊಡುವುದು. ಇನ್ನೊಂದು, ಹಾರಾಟದ ನಡುವೆ ವಿಮಾನದ ಮೇಲಿನ ಹಿಡಿತ ತಪ್ಪುವುದು. ಮೇಲ್ನೋಟಕ್ಕೆ ಇವು ಬೇರೆ ಬೇರೆ. ಆದರೆ ಮೊದಲನೆಯದರ ಬೆನ್ನಿಗೇ ಎರಡನೆಯದು ಬರುವುದುಂಟು. ಅದು ಹೇಗೆ ಎಂದು ತಿಳಿಯಬೇಕಾದರೆ ಟೇಕಾಫ್ ಸಮಯದಲ್ಲಿ ಏನಾಗುತ್ತದೆ ಎಂದು ನೋಡಬೇಕು.

ನೆಲದ ಮೇಲೆ ಎಲ್ಲವೂ ಸರಿ

ಹವ್ಯಾಸಿಗಳಲ್ಲಿ ಹೆಚ್ಚಿನವರು ಎಂಜಿನ್ ಅನ್ನು ತಾವೇ ತಯಾರಿಸುವುದಿಲ್ಲ. ರೋಟ್ಯಾಕ್ಸ್, ಲೈಕಮಿಂಗ್‌ನಂಥ ಕಂಪನಿಗಳ ಎಂಜಿನ್ ಕೊಳ್ಳುತ್ತಾರೆ. ಕೆಲವರು ಕಾರಿನ ಎಂಜಿನ್ ಮಾರ್ಪಡಿಸಿ ಕೂರಿಸುತ್ತಾರೆ. ಆದರೆ ಟ್ಯಾಂಕಿನಿಂದ ಎಂಜಿನ್‌ವರೆಗಿನ ದಾರಿ ಇದೆಯಲ್ಲ, ಕೊಳವೆ, ಫಿಲ್ಟರ್, ಪಂಪು, ವಾಲ್ವು, ಟ್ಯಾಂಕಿನೊಳಗೆ ಗಾಳಿ ಹೋಗಲು ಬಿಡುವ ರಂಧ್ರ, ಇವನ್ನೆಲ್ಲ ಜೋಡಿಸುವುದು ಕಟ್ಟಿದವರ ಕೈಕೆಲಸ. ಒಂದೇ ಮಾದರಿಯ ಎರಡು ವಿಮಾನಗಳಲ್ಲೂ ಈ ದಾರಿ ಬೇರೆ ಬೇರೆಯಾಗಿರಬಹುದು. ಎಂಜಿನ್ ಎಷ್ಟೇ ಒಳ್ಳೆಯದಾದರೂ ಅದಕ್ಕೆ ಇಂಧನ ಮುಟ್ಟದಿದ್ದರೆ ಅದು ಬರಿಯ ಭಾರ.

ನೆಲದ ಮೇಲೆ ನಿಂತು, ಕಡಿಮೆ ವೇಗದಲ್ಲಿ ಎಂಜಿನ್ ಓಡಿಸಿದಾಗ ಅದು ಕುಡಿಯುವ ಇಂಧನ ತೀರಾ ಕಡಿಮೆ. ಫಿಲ್ಟರಿನಲ್ಲಿ ಅರ್ಧ ಕಸ ತುಂಬಿದ್ದರೂ ಅಷ್ಟು ಇಂಧನ ನುಸುಳಿ ಬರುತ್ತದೆ. ಸದ್ದು ಸರಿಯಾಗಿದೆ, ಮೀಟರುಗಳು ಸರಿಯಾಗಿವೆ, ಎಲ್ಲರ ಮುಖದಲ್ಲೂ ನಗು. ಟೇಕಾಫ್‌ನಲ್ಲಿ ಲೆಕ್ಕವೇ ಬೇರೆ. ಥ್ರಾಟಲ್ ಪೂರ್ತಿ ತೆರೆದಿರುತ್ತದೆ, ಇಂಧನದ ಬೇಡಿಕೆ ಗರಿಷ್ಠ ಮಟ್ಟದಲ್ಲಿರುತ್ತದೆ, ವಿಮಾನದ ಮೂಗು ಮೇಲಕ್ಕೆ ಎತ್ತಿರುತ್ತದೆ. ಪಂಪಿಲ್ಲದೆ ಎತ್ತರದ ಟ್ಯಾಂಕಿನಿಂದ ತಾನಾಗಿ ಹರಿಯುವ ವ್ಯವಸ್ಥೆಯಿದ್ದರೆ, ಮೂಗು ಎತ್ತಿದಾಗ ಟ್ಯಾಂಕಿಗೂ ಎಂಜಿನ್‌ಗೂ ಇರುವ ಎತ್ತರದ ಅಂತರವೇ ಕಡಿಮೆಯಾಗಬಹುದು. ಬಿಸಿಲಿನಲ್ಲಿ ಸರದಿಗಾಗಿ ಕಾದು ನಿಂತಾಗ ಕೊಳವೆ ಕಾದು, ಪೆಟ್ರೋಲ್ ಒಳಗೇ ಆವಿಯಾಗಿ ಗುಳ್ಳೆ ಕಟ್ಟಿ ಹರಿವಿಗೆ ಅಡ್ಡ ಬರಬಹುದು. ಇನ್ನು ಕಾರ್ಬ್ಯುರೇಟರ್ ಒಳಗೆ ಇಂಧನ ಆವಿಯಾಗುವಾಗ ಉಷ್ಣಾಂಶ ಎಷ್ಟು ಕುಸಿಯುತ್ತದೆಂದರೆ, ಹೊರಗೆ 20 ಡಿಗ್ರಿ ಇದ್ದರೂ ತೇವ ಹೆಚ್ಚಿದ್ದರೆ ಒಳಗೆ ಮಂಜುಗಡ್ಡೆ ಕಟ್ಟಬಲ್ಲದು. ಹಿಮ ಬೀಳುವ ದೇಶವೇ ಆಗಬೇಕಿಲ್ಲ. ಮಳೆಗಾಲದ ಬೆಂಗಳೂರಿನ ಬೆಳಗಿನಂಥ ಹವೆಯೇ ಸಾಕು.

ಇವುಗಳಲ್ಲಿ ಬಹಳಷ್ಟನ್ನು ಹಾರುವ ಮೊದಲೇ ಪತ್ತೆ ಮಾಡಬಹುದು ಎಂಬುದೇ ಇಲ್ಲಿನ ಮುಖ್ಯ ಮಾತು. ಅಮೆರಿಕದ ವಿಮಾನಯಾನ ಆಡಳಿತ ಸಂಸ್ಥೆಯು ಹವ್ಯಾಸಿಗಳಿಗೆಂದೇ ಹೊರತಂದಿರುವ ಕೈಪಿಡಿಯಲ್ಲಿ ಒಂದು ಸರಳ ಪರೀಕ್ಷೆ ಇದೆ. ವಿಮಾನವನ್ನು ನೆಲದ ಮೇಲೆಯೇ ಮೂಗೆತ್ತಿ ನಿಲ್ಲಿಸಬೇಕು. ಏರುವಾಗ ಇರುವ ಕೋನಕ್ಕಿಂತ ತುಸು ಹೆಚ್ಚೇ ಇರಲಿ. ಎಂಜಿನ್‌ಗೆ ಹೋಗುವ ಕೊಳವೆಯನ್ನು ಬಿಚ್ಚಿ, ಎಷ್ಟು ಹೊತ್ತಿಗೆ ಎಷ್ಟು ಇಂಧನ ಬರುತ್ತದೆ ಎಂದು ಅಳೆಯಬೇಕು. ಪಂಪಿನ ವ್ಯವಸ್ಥೆಯಾದರೆ ಟೇಕಾಫ್‌ಗೆ ಬೇಕಾದ ಇಂಧನದ ಶೇ 125ರಷ್ಟು, ತಾನಾಗಿ ಹರಿಯುವ ವ್ಯವಸ್ಥೆಯಾದರೆ ಶೇ 150ರಷ್ಟು ಬರಬೇಕು. 100 ಅಶ್ವಶಕ್ತಿಯ ರೋಟ್ಯಾಕ್ಸ್ 912 ಎಂಜಿನ್ ಟೇಕಾಫ್‌ನಲ್ಲಿ ಗಂಟೆಗೆ ಸುಮಾರು 27 ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಅಂದರೆ ಪಂಪಿನ ವ್ಯವಸ್ಥೆಯಲ್ಲಿ ಗಂಟೆಗೆ ಸುಮಾರು 34 ಲೀಟರ್, ನಿಮಿಷಕ್ಕೆ ಅರ್ಧ ಲೀಟರಿಗೂ ಮಿಗಿಲಾಗಿ ಬರಬೇಕು. ಇದಕ್ಕೆ ಬೇಕಿರುವುದು ಒಂದು ಅಳತೆಯ ಪಾತ್ರೆ, ಒಂದು ಗಡಿಯಾರ, ಬೆಂಕಿಯ ಬಗ್ಗೆ ಎಚ್ಚರ. ಇಷ್ಟನ್ನು ಮಾಡಿದ್ದಕ್ಕೆ ದಾಖಲೆ ಕೊಟ್ಟ ಮೇಲೆಯೇ ಹಾರಲು ಪ್ರಮಾಣಪತ್ರ ಕೊಡಿ ಎಂದು 2012ರ ವರದಿ ಶಿಫಾರಸು ಮಾಡಬೇಕಾಗಿ ಬಂತು. ವರ್ಷಗಟ್ಟಲೆ ತಾಳ್ಮೆಯಿಂದ ವಿಮಾನ ಕಟ್ಟಿದವರಿಗೂ ಕೊನೆಯ ಒಂದು ದಿನದ ತಾಳ್ಮೆ ಇರುವುದಿಲ್ಲ ಎಂದಲ್ಲವೇ ಇದರ ಅರ್ಥ?

ಹಿಂದಿರುಗುವ ಆಸೆ

ಎಲ್ಲ ಪರೀಕ್ಷೆ ಮಾಡಿದರೂ ಎಂಜಿನ್ ಕೈಕೊಡಬಹುದು. ಆಗ ಪೈಲಟ್ ಏನು ಮಾಡಬೇಕು? ಮುನ್ನೂರು ಅಡಿ ಎತ್ತರದಲ್ಲಿದ್ದೀರಿ, ಎಂಜಿನ್ ಸದ್ದು ನಿಂತಿತು ಎಂದುಕೊಳ್ಳಿ. ಮುಂದೆ ಹೊಲ, ಗಿಡಗಂಟಿ. ಹಿಂದೆ ಈಗಷ್ಟೇ ಬಿಟ್ಟುಬಂದ, ನುಣುಪಾದ ರನ್‌ವೇ. ಯಾರಿಗಾದರೂ ತಿರುಗಿ ಹೋಗೋಣ ಅನಿಸುತ್ತದೆ. ಪೈಲಟ್‌ಗಳು ಇದನ್ನು ‘ಅಸಾಧ್ಯ ತಿರುವು’ ಎಂದು ಕರೆಯುತ್ತಾರೆ.

ಲೆಕ್ಕ ಹಾಕಿ ನೋಡಿ. ಹಿಂದಿರುಗಲು 180 ಡಿಗ್ರಿ ತಿರುಗಿದರೆ ಸಾಲದು. ಅಷ್ಟು ತಿರುಗುವಷ್ಟರಲ್ಲಿ ವಿಮಾನ ರನ್‌ವೇಯ ಪಕ್ಕಕ್ಕೆ ಸರಿದಿರುತ್ತದೆ. ಇನ್ನಷ್ಟು ತಿರುಗಿ ರನ್‌ವೇ ಕಡೆಗೆ ಬಂದು, ಮತ್ತೆ ಎದುರು ದಿಕ್ಕಿಗೆ ತಿರುಗಿ ನೇರವಾಗಬೇಕು. ಬೇಗ ತಿರುಗಬೇಕೆಂದರೆ ರೆಕ್ಕೆಯನ್ನು ಹೆಚ್ಚು ವಾಲಿಸಬೇಕು. ಎತ್ತರ ಕಾಯ್ದುಕೊಳ್ಳಲು ಕಡ್ಡಿಯನ್ನು ಎಳೆಯುತ್ತ 45 ಡಿಗ್ರಿ ವಾಲಿಸಿದರೆ, ರೆಕ್ಕೆಗಳು ಹೊರುವ ಶಕ್ತಿ ಕಳೆದುಕೊಳ್ಳುವ ವೇಗದ ಮಿತಿ ಶೇ 19ರಷ್ಟು ಮೇಲೇರುತ್ತದೆ. 60 ಡಿಗ್ರಿಗೆ ಶೇ 41ರಷ್ಟು. ಎಂಜಿನ್ ಇಲ್ಲದೆ ವೇಗ ಇಳಿಯುತ್ತಿದೆ, ಬೇಕಾದ ವೇಗ ಏರುತ್ತಿದೆ. ಇವೆರಡೂ ಸಂಧಿಸಿದ ಕ್ಷಣದಲ್ಲಿ ವಿಮಾನ ಹಾರುವುದನ್ನು ನಿಲ್ಲಿಸಿ ಬೀಳತೊಡಗುತ್ತದೆ. ಸರಿಪಡಿಸಿಕೊಳ್ಳಲು ಎತ್ತರವಿರುವುದಿಲ್ಲ. ಎಂಜಿನ್ ಕೈಕೊಟ್ಟಿದ್ದು ಹೀಗೆ ಹಿಡಿತ ತಪ್ಪುವುದರಲ್ಲಿ ಕೊನೆಯಾಗುತ್ತದೆ.

ಅದೇ, ನೇರವಾಗಿ ಮುಂದಕ್ಕೆ, ಹಿಡಿತ ಬಿಡದೆ, ಆದಷ್ಟು ಕಡಿಮೆ ವೇಗದಲ್ಲಿ ಹೊಲಕ್ಕೆ ಇಳಿಸಿದರೆ ವಿಮಾನ ಜಖಂ ಆಗಬಹುದು, ಆದರೆ ಮನುಷ್ಯ ಬದುಕುವ ಸಾಧ್ಯತೆ ಹೆಚ್ಚು. ವೇಗ ಅರ್ಧವಾದರೆ ಡಿಕ್ಕಿಯ ಶಕ್ತಿ ಕಾಲು ಭಾಗಕ್ಕಿಳಿಯುತ್ತದೆ ಎಂಬುದು ಪಿಯುಸಿ ಭೌತವಿಜ್ಞಾನ. ಆದರೆ ಐದಾರು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಟ್ಟಿದ ವಿಮಾನವನ್ನು ಹೊಲದ ಬದುವಿಗೆ ಬಡಿಯಲು ಕಟ್ಟಿದವರಿಗೆ ಮನಸ್ಸು ಬರುತ್ತದೆಯೇ? ತನ್ನ ಕೈಯ ಕೆಲಸದ ಮೇಲಿನ ಮೋಹವೂ ಅಲ್ಲಿ ಪೈಲಟ್‌ನ ಜೊತೆ ಕುಳಿತಿರುತ್ತದೆ.

ಅರ್ಧ ಸತ್ತ ಎಂಜಿನ್

ಇದಕ್ಕಿಂತ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಸಂಸ್ಥೆಯ ಒಂದು ಅಧ್ಯಯನ. ಮನೆಯಲ್ಲಿ ಕಟ್ಟಿದ ವಿಮಾನಗಳಷ್ಟೇ ಅಲ್ಲ, ಎಲ್ಲ ಒಂಟಿ ಎಂಜಿನ್ ವಿಮಾನಗಳೂ ಅದರಲ್ಲಿ ಸೇರಿವೆ. 2000ದಿಂದ 2010ರವರೆಗೆ ಟೇಕಾಫ್ ಬಳಿಕ ಎಂಜಿನ್ ಪೂರ್ತಿ ನಿಂತ 75 ಪ್ರಕರಣಗಳು ಅಲ್ಲಿ ವರದಿಯಾಗಿದ್ದವು. ಅವುಗಳಲ್ಲಿ ಒಂದರಲ್ಲೂ ಸಾವು ಸಂಭವಿಸಿರಲಿಲ್ಲ. ಎಂಜಿನ್ ಪೂರ್ತಿ ನಿಲ್ಲದೆ, ಶಕ್ತಿ ಮಾತ್ರ ಕುಂದಿದ ಪ್ರಕರಣಗಳು 242. ಅವುಗಳಲ್ಲಿ ಒಂಬತ್ತು ಸಾವಿನಲ್ಲಿ ಕೊನೆಗೊಂಡವು.

ಅಚ್ಚರಿಯಲ್ಲವೇ? ಪೂರ್ತಿ ಸತ್ತ ಎಂಜಿನ್‌ಗಿಂತ ಅರ್ಧ ಜೀವವಿರುವ ಎಂಜಿನ್ ಅಪಾಯಕಾರಿ. ಪೂರ್ತಿ ನಿಂತರೆ ಆಯ್ಕೆಯಿಲ್ಲ, ಇಳಿಯಲೇಬೇಕು. ಅರ್ಧ ಓಡುತ್ತಿದ್ದರೆ ಆಸೆ ಹುಟ್ಟುತ್ತದೆ. ಬೈಕ್ ಮುಕ್ಕರಿಯತೊಡಗಿದಾಗ ‘ಬಂಕ್‌ವರೆಗೆ ಹೇಗೋ ಹೋಗಿಬಿಡೋಣ’ ಅನ್ನುತ್ತೇವಲ್ಲ, ಅದೇ ಆಸೆ. ಬೈಕ್ ನಿಂತರೆ ತಳ್ಳಿಕೊಂಡು ಹೋಗಬಹುದು. ಆಕಾಶದಲ್ಲಿ ತಳ್ಳುವವರಿಲ್ಲ. ತೆವಳುತ್ತಿರುವ ಎಂಜಿನ್ ನಂಬಿ ಮೂಗನ್ನು ಮೇಲೆತ್ತಿಯೇ ಹಿಡಿದ ಪೈಲಟ್, ಒಂದೊಂದೇ ಸೆಕೆಂಡು ವೇಗವನ್ನೂ ಇಳಿಯಲು ಸಿಗಬಹುದಾಗಿದ್ದ ಜಾಗಗಳನ್ನೂ ಕಳೆದುಕೊಳ್ಳುತ್ತಾನೆ.

ಅದಕ್ಕಾಗಿಯೇ ತಿಳಿದವರು ರನ್‌ವೇಯ ತುದಿಯಲ್ಲಿ ನಿಂತು, ಹೊರಡುವ ಮೊದಲು ಬಾಯಿಬಿಟ್ಟು ಹೇಳಿಕೊಳ್ಳುತ್ತಾರೆ: ‘ಅರ್ಧ ರನ್‌ವೇ ದಾಟುವಷ್ಟರಲ್ಲಿ ಇಷ್ಟು ವೇಗ ಬರದಿದ್ದರೆ ನಿಲ್ಲಿಸುತ್ತೇನೆ. ಇಷ್ಟು ಎತ್ತರಕ್ಕಿಂತ ಕೆಳಗೆ ಎಂಜಿನ್ ಕೈಕೊಟ್ಟರೆ ಮುಂದಿನ ಆ ಬಯಲಿಗೇ ಇಳಿಯುತ್ತೇನೆ, ತಿರುಗುವುದಿಲ್ಲ.’ ತಲೆ ತಣ್ಣಗಿರುವಾಗ ತೆಗೆದುಕೊಂಡ ತೀರ್ಮಾನವನ್ನು ಗಾಬರಿಯ ಕ್ಷಣದಲ್ಲಿ ಪಾಲಿಸಿದರಾಯಿತು. ಬೆಂಕಿ ಬಿದ್ದಾಗ ಬಾವಿ ತೋಡಬಾರದು ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ.

ಕಟ್ಟಿದವರೊಬ್ಬರು, ಹಾರಿಸಿದವರೊಬ್ಬರು

2012ರ ಅಧ್ಯಯನದಲ್ಲಿ ಇನ್ನೊಂದು ಅಂಶವಿದೆ. ತನಿಖೆ ನಡೆದ ಅಪಘಾತಗಳಲ್ಲಿ ಅರ್ಧಕ್ಕೂ ಹೆಚ್ಚು, ಬೇರೆಯವರು ಕಟ್ಟಿದ್ದನ್ನು ಕೊಂಡ ವಿಮಾನಗಳದ್ದು. ಇದಕ್ಕೆ ಬಹಳ ಹಿಂದಿನ, ಜಗತ್ತಿಗೇ ಗೊತ್ತಾದ ಉದಾಹರಣೆ ಗಾಯಕ ಜಾನ್ ಡೆನ್ವರ್. ‘ಕಂಟ್ರಿ ರೋಡ್ಸ್’ ಹಾಡನ್ನು ಕಾಲೇಜು ಫೆಸ್ಟ್‌ಗಳಲ್ಲಿ ಕೇಳದವರು ಕಡಿಮೆ. 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಮಾಂಟೆರೆಯಿಂದ ಹಾರಿದ ಅವರ ಪುಟ್ಟ ವಿಮಾನ ಕೆಲವೇ ನಿಮಿಷಗಳಲ್ಲಿ, ತಗ್ಗಿನಲ್ಲಿ ಹಾರುತ್ತಿರುವಾಗಲೇ, ಸಮುದ್ರಕ್ಕೆ ಬಿತ್ತು. ಡೆನ್ವರ್ ಹೊಸಬರೇನಲ್ಲ, 2,700 ಗಂಟೆಗಳಿಗೂ ಹೆಚ್ಚು ಹಾರಾಟದ ಅನುಭವವಿತ್ತು. ಆದರೆ ಈ ವಿಮಾನ ಅವರಿಗೆ ಹೊಸದು. ಹಿಂದಿನ ದಿನವಷ್ಟೇ ಸುಮಾರು ಅರ್ಧ ಗಂಟೆ ಅದರ ಪರಿಚಯ ಮಾಡಿಕೊಂಡಿದ್ದರು.

ಅದು ಬರ್ಟ್ ರುಟಾನ್ ವಿನ್ಯಾಸದ ಲಾಂಗ್-ಈಜಿ. ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಬದಲಿಸುವ ಹಿಡಿ ಮೂಲ ನಕ್ಷೆಯಲ್ಲಿ ಪೈಲಟ್‌ನ ಕಾಲುಗಳ ನಡುವೆ, ಕಣ್ಣೆದುರಿಗಿತ್ತು. ಈ ವಿಮಾನವನ್ನು ಕಟ್ಟಿದವರು, ಇಂಧನದ ಕೊಳವೆ ಕಾಕ್‌ಪಿಟ್ ಒಳಗೆ ಬರುವುದು ಬೇಡವೆಂದು ಅದನ್ನು ಪೈಲಟ್‌ನ ಎಡಭುಜದ ಹಿಂದಕ್ಕೆ ಒಯ್ದಿದ್ದರು. ಉದ್ದೇಶ ಒಳ್ಳೆಯದೇ. ಆದರೆ ಹಿಡಿಯ ಮೇಲೆ ಯಾವ ಗುರುತೂ ಇರಲಿಲ್ಲ, ಇಂಧನದ ಮಟ್ಟ ತೋರಿಸುವ ಕಿಂಡಿಗಳ ಮೇಲೂ ಇರಲಿಲ್ಲ. ಹಿಡಿ ತಿರುಗಿಸಬೇಕೆಂದರೆ ಮೈಯನ್ನೇ ತಿರುಚಿ ಹಿಂದಕ್ಕೆ ಕೈಚಾಚಬೇಕಿತ್ತು. ಹಾಗೆ ಮಾಡುವಾಗ ಬಲಗಾಲು ತಾನಾಗಿ ಬಲಗಡೆಯ ರಡ್ಡರ್ ಪೆಡಲ್ ಒತ್ತುವಂತಿತ್ತು. ಹಿಡಿಯ ಜೊತೆ ಹೆಣಗಾಡುವಾಗ ಗಮನ ಬೇರೆಡೆ ಹೋಗಿ, ಗೊತ್ತಿಲ್ಲದೆ ಪೆಡಲ್ ಒತ್ತಿ ಹಿಡಿತ ತಪ್ಪಿತು ಎಂದು ತನಿಖೆ ತೀರ್ಮಾನಿಸಿತು. ಹೊರಡುವ ಮೊದಲು ಇಂಧನ ತುಂಬಿಸದೇ ಇದ್ದುದನ್ನೂ ಕಾರಣವಾಗಿ ಹೆಸರಿಸಿತು. ಹಿಡಿ ಇದ್ದ ಜಾಗ, ಗುರುತಿಲ್ಲದ ಕಿಂಡಿಗಳು, ಸಾಲದ ತರಬೇತಿ ಇವೆಲ್ಲ ಜೊತೆಗೂಡಿದವು ಎಂದಿತು.

ಕಟ್ಟಿದವರಿಗೆ ಆ ಹಿಡಿ ಎಲ್ಲಿದೆ, ಯಾಕಿದೆ ಎಂದು ಚೆನ್ನಾಗಿ ಗೊತ್ತಿತ್ತು. ಆದರೆ ಅವರ ತಲೆಯಲ್ಲಿದ್ದದ್ದು ವಿಮಾನದ ಮೇಲೆ ಬರೆದಿರಲಿಲ್ಲ. ಸೀನಿಯರ್‌ಗಳು ಬಿಟ್ಟುಹೋದ ಕಾಮೆಂಟ್ ಇಲ್ಲದ ಕೋಡ್, ಲೇಬಲ್ ಇಲ್ಲದ ವೈರಿಂಗ್ ಮುಂದೆ ಕುಳಿತು ತಲೆ ಕೆರೆದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ನಿಷೇಧಿಸೋಣವೇ?

‘ಇಷ್ಟು ಅಪಾಯವಿದ್ದರೆ ಮನೆಯಲ್ಲಿ ವಿಮಾನ ಕಟ್ಟುವುದನ್ನೇ ನಿಲ್ಲಿಸಲಿ’ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 1986ರಲ್ಲಿ ಎಲ್ಲೂ ಇಳಿಯದೆ, ಇಂಧನ ತುಂಬಿಸಿಕೊಳ್ಳದೆ ಒಂಬತ್ತು ದಿನಗಳಲ್ಲಿ ಭೂಮಿಯನ್ನು ಸುತ್ತಿ ಬಂದ ‘ವಾಯೇಜರ್’ ವಿಮಾನವೂ ಅದೇ ರುಟಾನ್ ವಿನ್ಯಾಸ. ಹವ್ಯಾಸಿಗಳ ಲೋಕದಿಂದ ಬಂದ ಕೈಗಳು ಮಾಡಿದ ಸಾಧನೆ ಅದು. ಸುರಕ್ಷತಾ ಮಂಡಳಿಯೂ ನಿಷೇಧ ಕೇಳಲಿಲ್ಲ. ಪರೀಕ್ಷೆ ಮಾಡಿ, ದಾಖಲೆ ಇಡಿ, ಹೊಸ ವಿಮಾನಕ್ಕೆ ಬದಲಾಗುವಾಗ ತರಬೇತಿ ಪಡೆಯಿರಿ ಎಂದಿತು. ಕಟ್ಟಿದ ವಿಮಾನವನ್ನು ಮೊದಲ 25 ಇಲ್ಲವೇ 40 ಗಂಟೆ ಪ್ರಯಾಣಿಕರಿಲ್ಲದೆ, ಗೊತ್ತುಮಾಡಿದ ಪ್ರದೇಶದಲ್ಲೇ ಹಾರಿಸಬೇಕೆಂಬ ನಿಯಮ ಅಲ್ಲಿ ಮೊದಲೇ ಇತ್ತು. ಬರೀ ಗಂಟೆ ತುಂಬಿಸುವುದಲ್ಲ, ಆ ಗಂಟೆಗಳಲ್ಲಿ ಏನು ಪರೀಕ್ಷಿಸುತ್ತೀರಿ ಎಂಬುದು ಮುಖ್ಯ.

ಚಳ್ಳಕೆರೆಯ ಮೇಲೆ ಆರಿಸಿದ ಎಂಜಿನ್

ನಮ್ಮಲ್ಲಿ ಮನೆಯಲ್ಲಿ ವಿಮಾನ ಕಟ್ಟುವವರು ಬೆರಳೆಣಿಕೆಯಷ್ಟು. ಆದರೆ ಪರೀಕ್ಷೆ ಎಂದರೆ ಏನು ಎಂದು ತಿಳಿಯಲು ಅಮೆರಿಕಕ್ಕೆ ಹೋಗಬೇಕಿಲ್ಲ. ಬೆಂಗಳೂರಿನ ಎನ್‌ಎಎಲ್ ರೂಪಿಸಿದ ಎರಡು ಆಸನದ ತರಬೇತಿ ವಿಮಾನ ‘ಹಂಸ–ಎನ್‌ಜಿ’ಯಲ್ಲಿರುವುದೂ ರೋಟ್ಯಾಕ್ಸ್ 912 ಕುಟುಂಬದ ಎಂಜಿನ್ನೇ. 2022ರ ಮೇ ತಿಂಗಳಲ್ಲಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಪರೀಕ್ಷಾ ವಲಯದಲ್ಲಿ, 7,000ದಿಂದ 8,000 ಅಡಿ ಎತ್ತರದಲ್ಲಿ, ವಾಯುಪಡೆಯ ಪರೀಕ್ಷಾ ಪೈಲಟ್‌ಗಳು ಹಾರುತ್ತಿದ್ದ ಆ ವಿಮಾನದ ಎಂಜಿನ್ ಅನ್ನು ಬೇಕೆಂದೇ ಆರಿಸಿದರು. ಆಮೇಲೆ ಗಾಳಿಯಲ್ಲೇ ಮತ್ತೆ ಚಾಲೂ ಮಾಡಿದರು.

ಎಂಜಿನ್ ಓಡುತ್ತದೆ ಎಂದು ತೋರಿಸುವುದಕ್ಕಲ್ಲ, ನಿಂತರೆ ಏನಾಗುತ್ತದೆ ಎಂದು ತಿಳಿಯಲು ಅವರು ಹಾರಿದ್ದರು. ಕೈಕೊಡುವ ಗಳಿಗೆಗಾಗಿ ಕಾಯದೆ, ಸಾಕಷ್ಟು ಎತ್ತರದಲ್ಲಿ, ಸರಿಯಾದ ಜಾಗದಲ್ಲಿ ಆ ಗಳಿಗೆಯನ್ನು ತಾವೇ ಕರೆದರು.

ನಮ್ಮ ಲ್ಯಾಬ್‌ಗಳಲ್ಲಿ ಇದಕ್ಕೆ ಜಾಗವೆಲ್ಲಿದೆ? ಫೈನಲ್ ಇಯರ್ ಪ್ರಾಜೆಕ್ಟ್ ವೈವಾ ದಿನ ಹತ್ತು ನಿಮಿಷ ಓಡಿದರೆ ಅಂಕ ಬರುತ್ತದೆ. ‘ಸರ್, ಓಡ್ತು’ ಎಂದ ಮೇಲೆ ಮತ್ತೆ ಯಾರೂ ಏನೂ ಕೇಳುವುದಿಲ್ಲ. ರಿಪೋರ್ಟಿನಲ್ಲಿ ‘ಫಲಿತಾಂಶ’ ಎಂಬ ಅಧ್ಯಾಯವಿರುತ್ತದೆ, ‘ಇದು ಯಾವಾಗ ಕೆಡುತ್ತದೆ’ ಎಂಬ ಅಧ್ಯಾಯವಿರುವುದಿಲ್ಲ. ಕೆಟ್ಟಿದ್ದನ್ನು ಬರೆದರೆ ಅಂಕ ಕಡಿಮೆಯಾಗುತ್ತದೆ ಎಂಬ ಭಯದಿಂದ ಮುಚ್ಚಿಡುವುದನ್ನೇ ನಾಲ್ಕು ವರ್ಷ ಕಲಿಯುತ್ತೇವೆ. ಆಮೇಲೆ ಇದೇ ಕೈಗಳು ಸೇತುವೆಗೆ, ಬ್ರೇಕಿಗೆ, ಆಸ್ಪತ್ರೆಯ ಯಂತ್ರಕ್ಕೆ ಹೋಗಿ ಸೇರುತ್ತವೆ.

ಇದನ್ನು ಬದಲಿಸಲು ಹೊಸ ಸಿಲೆಬಸ್ ಬರುವತನಕ ಕಾಯಬೇಕಿಲ್ಲ. ಈ ಸೆಮಿಸ್ಟರಿನ ಪ್ರಾಜೆಕ್ಟಿನಲ್ಲೇ ಮೂರು ಕೆಲಸ ಮಾಡಬಹುದು. ನೀವು ಮಾಡಿದ ಯಂತ್ರವನ್ನೋ ಕೋಡನ್ನೋ ಅದರ ಅತ್ಯಂತ ಕಷ್ಟದ ಸ್ಥಿತಿಯಲ್ಲಿ, ಅಂದರೆ ಅದರ ‘ಟೇಕಾಫ್’ನಲ್ಲಿ ಓಡಿಸಿ, ಅಳೆದು ಬರೆದಿಡಿ. ಕೈಕೊಟ್ಟರೆ ಏನು ಮಾಡುತ್ತೀರಿ ಎಂಬುದನ್ನು ಓಡಿಸುವ ಮೊದಲೇ ಒಂದು ಹಾಳೆಯಲ್ಲಿ ಬರೆಯಿರಿ. ಅದನ್ನು ನೋಡೇ ಇರದ ಜೂನಿಯರ್ ಒಬ್ಬರ ಕೈಗೆ ಕೊಟ್ಟು, ನೀವು ಬಾಯಿ ಮುಚ್ಚಿಕೊಂಡು ನಿಂತು ನೋಡಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಲೇಬಲ್ ಬೇಕು ಎಂದರ್ಥ. ಅಧ್ಯಾಪಕರಲ್ಲೂ ಒಂದು ಮನವಿ: ಪ್ರಾಮಾಣಿಕವಾಗಿ ಬರೆದ ಸೋಲಿಗೆ ಹತ್ತು ಅಂಕ ಮೀಸಲಿಡಿ.

ಕೆಲಸ ಹುಡುಕುತ್ತಿರುವ ಗೆಳೆಯ ಗೆಳತಿಯರಿಗೂ ಇದು ಅನ್ವಯಿಸುತ್ತದೆ. ರೆಸ್ಯೂಮೆಯಲ್ಲಿ ನಾವೆಲ್ಲ ಬರೆಯುವುದು ‘ಇಷ್ಟು ಪ್ರಾಜೆಕ್ಟ್ ಮಾಡಿದೆ’ ಎಂದು. ಸಂದರ್ಶನದ ಮೇಜಿನ ಆಚೆ ಕುಳಿತ ಅನುಭವಿಗೆ ಬೇಕಿರುವುದು ಬೇರೆ. ‘ನನ್ನ ಯಂತ್ರ ಇಂಥ ಭಾರಕ್ಕೆ, ಇಂಥ ಬಿಸಿಗೆ ನಿಲ್ಲುತ್ತದೆ, ಯಾಕೆಂದರೆ ನಾನೇ ನಿಲ್ಲಿಸಿ ನೋಡಿದ್ದೇನೆ’ ಎನ್ನಬಲ್ಲ ಒಬ್ಬರನ್ನು ಅವರು ಮರೆಯಲಾರರು. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂಬ ಗಾದೆ ನಮ್ಮಲ್ಲೇ ಇದೆ. ಕಟ್ಟಿದ ಆ ಒಂದನ್ನು ಎಷ್ಟು ಜಗ್ಗಿದರೆ ಹರಿಯುತ್ತದೆ ಎಂದು ಕೂಡ ನಮಗೆ ಗೊತ್ತಿರಲಿ.